ಬೇಜಾರು ಪಟ್ಟಿ

ನಮ್ಮೂರಿನ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವ ಸುಚಿತ್ರಾಳ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ. ಅವಳಂತೂ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಪೈಕಿ ಅಲ್ಲ. ನಾನು ಶಿವಕುಮಾರಪ್ಪ, ವಯಸ್ಸು ಅರವತ್ತೊಂಬತ್ತು, ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ, ಕೊನೆಯ ಎಂಟು ವರ್ಷ ಹೆಡ್‌ಮಾಸ್ತರನೂ ಆಗಿ ನಿವೃತ್ತನಾದವನು. ಬೆಳಿಗ್ಗೆ ಪೇಪರ್ ಓದಿ ಮುಗಿಸಿದ ಮೇಲೆ ಊರಿನವರನ್ನು ಬೈಯುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಊರು ಹಿರಿಯೂರು ತಾಲ್ಲೂಕಿನದು, ಜವನಗೊಂಡನಹಳ್ಳಿಯಿಂದ ಎಂಟು ಕಿಲೋಮೀಟರ್ ಒಳಕ್ಕೆ. ಗ್ರಂಥಾಲಯವೆಂದರೆ ಪಂಚಾಯಿತಿ ಆಫೀಸಿನ ಪಕ್ಕದ ಒಂದೇ ಕೋಣೆ. ಹಿಂದೆ ಅದು ರೇಷನ್ ಅಕ್ಕಿಯ ಗೋದಾಮಾಗಿತ್ತು. ಮಳೆ ಬಂದರೆ ಈಗಲೂ ಗೋಣಿಚೀಲದ ವಾಸನೆ ಬರುತ್ತದೆ. ನಾಲ್ಕು ಬೀರು ಪುಸ್ತಕ, ಎರಡು ಕಂಪ್ಯೂಟರು, ಆರು ಕುರ್ಚಿ. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಹಾಸಿಗೆ ಹೊದಿಕೆಯಷ್ಟು ದೊಡ್ಡದೊಂದು ನಕ್ಷೆ. ನಮ್ಮ ಹೋಬಳಿಯ ರಸ್ತೆ, ಕೆರೆ, ಹಳ್ಳ, ಗುಡಿ, ದರ್ಗಾ ಎಲ್ಲವೂ ಅದರಲ್ಲಿವೆ. ಇಲಾಖೆಯವರು ಕಳಿಸಿರಬೇಕು, ಸರ್ಕಾರ ಅಪರೂಪಕ್ಕೆ ಒಂದೊಂದು ಒಳ್ಳೆಯ ಕೆಲಸ ಮಾಡುತ್ತದೆ ಎಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದವನಲ್ಲ.

ಸುಚಿತ್ರಾಳಿಗೆ ಈಗ ನಲವತ್ತೆರಡು. ಗಂಡನ ಮನೆಯಿಂದ ಸ್ಕೂಟಿಯಲ್ಲಿ ಬಂದು ಬೀಗ ತೆಗೆಯುತ್ತಾಳೆ, ಕಸ ಗುಡಿಸುತ್ತಾಳೆ, ಪೇಪರಿಗೆ ಮೊಹರು ಒತ್ತುತ್ತಾಳೆ. ಮಾತು ಕಡಿಮೆ. ನನ್ನ ಹಳೆಯ ವಿದ್ಯಾರ್ಥಿನಿ. ಹತ್ತನೇ ಕ್ಲಾಸು, ಪಿಯುಸಿ ಮುಗಿಸಿದ ಮಕ್ಕಳು ಅಪ್ಪ ಅಮ್ಮನ ಜೊತೆ ಅವಳ ಹತ್ತಿರ ಬರುವುದು ಹೆಚ್ಚಾದಾಗ ನನಗೆ ಮೈಯೆಲ್ಲ ಉರಿದದ್ದು ನಿಜ. ಬಂದವರು ಕೇಳುವುದು ಒಂದೇ ಪ್ರಶ್ನೆ: ಯಾವ ಕೋರ್ಸಿಗೆ ಸ್ಕೋಪ್ ಐತೆ? ಇವಳು ಹೇಳುವುದೂ ಒಂದೇ ಉತ್ತರ: ನಂಗೊತ್ತಿಲ್ಲ. ಗೊತ್ತಿಲ್ಲ ಎನ್ನುವವರು ಸಲಹೆ ಕೊಡಲು ಯಾಕೆ ಕೂರಬೇಕು ಎಂದು ಜಗುಲಿಯ ಮೇಲೆ ಕೂತು ಎಷ್ಟೋ ಜನರೆದುರು ನಾನು ಗೇಲಿ ಮಾಡಿದ್ದೇನೆ.

ಗೊತ್ತಿಲ್ಲ ಎಂದಾದ ಮೇಲೆ ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆಯುತ್ತಿದ್ದಳು. ನಮ್ಮ ಹೋಬಳಿಯಲ್ಲಿ ಹುಟ್ಟಿ ಎಲ್ಲೆಲ್ಲೋ ಏನೇನೋ ಕೆಲಸ ಮಾಡುವ ನಾನೂರ ಹನ್ನೆರಡು ಜನರ ಪಟ್ಟಿ. ಮದುವೆ ಮನೆಯಲ್ಲಿ, ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಿದ ಕಡೆಯೆಲ್ಲ ಜನರನ್ನು ನಿಲ್ಲಿಸಿ, ಸಿಗದವರಿಗೆ ಫೋನು ಮಾಡಿ, ಐದು ವರ್ಷ ಕೂತು ಮಾಡಿದ್ದು. ಹೆಸರು, ಕೆಲಸ, ಓದು, ಮಕ್ಕಳು ಫೋನು ಮಾಡಿದರೆ ಮಾತಾಡುತ್ತಾರೋ ಇಲ್ಲವೋ. ಇದರ ನಡುವೆ ಒಂದು ವಿಚಿತ್ರ ಕಾಲಂ: ‘ನಿಮ್ಮ ಕೆಲಸದಲ್ಲಿ ಏನು ಬೇಜಾರು?’ ಮಕ್ಕಳೆಲ್ಲ ಅದನ್ನು ಬೇಜಾರು ಪಟ್ಟಿ ಎಂದೇ ಕರೆಯುತ್ತಿದ್ದವು.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ರಿಪೇರಿ ಮಾಡುವ ಹುಡುಗ ಬರೆಸಿದ್ದ: ‘ಪೂರ್ತಿ ಮೇಲೆ ಹತ್ತಿದ ಮೇಲೆ ನೆನಪಾಗುತ್ತದೆ, ಸ್ಪ್ಯಾನರು ಕೆಳಗೇ ಬಿಟ್ಟೆ ಅಂತ.’ ನರ್ಸೊಬ್ಬಳು: ‘ಹಬ್ಬದ ದಿನವೇ ಡ್ಯೂಟಿ. ಹೋಳಿಗೆ ಮಾರನೇ ದಿನ ತಿನ್ನಬೇಕು.’ ಪೊಲೀಸಿನವನು: ‘ಬಂದೋಬಸ್ತಿನಲ್ಲಿ ಎಲ್ಲರೂ ಆ ಕಡೆ ನೋಡುತ್ತಿರುತ್ತಾರೆ, ನಾವು ಮಾತ್ರ ಜನರ ಕಡೆ ನೋಡುತ್ತ ನಿಲ್ಲಬೇಕು.’

ಒಮ್ಮೆ ಅವಳನ್ನು ಕೇಳಿಯೂ ಕೇಳಿದೆ, ಇದೆಂಥ ಹುಚ್ಚು ಪ್ರಶ್ನೆಯಮ್ಮ ಅಂತ.

“ಸಂಬಳ ಎಷ್ಟು ಅಂದ್ರೆ ಸುಳ್ಳು ಹೇಳ್ತಾರೆ ಸಾರ್” ಎಂದಳು. “ಬೇಜಾರು ಏನು ಅಂದ್ರೆ ಯಾರೂ ಸುಳ್ಳು ಹೇಳಲ್ಲ. ಅರ್ಧ ಗಂಟೆ ಹೇಳ್ತಾರೆ. ಮಕ್ಕಳು ಅದನ್ನ ಓದಿ, ಯಾವ ಬೇಜಾರು ತಡ್ಕಳಾಕೆ ಆಗುತ್ತೋ ಆ ಕೆಲ್ಸ ಹುಡುಕ್ತವೆ. ಆಮೇಲೆ ಅವರ ಹತ್ರ ಹೋಗಿ ಒಂದಿನ ಇದ್ದು ಬರ್ತವೆ.”

ನನ್ನ ಹೆಸರನ್ನೂ ಸೇರಿಸಲು ಅವಳು ಮೂರು ವರ್ಷದ ಹಿಂದೆ ಮನೆಗೆ ಬಂದಿದ್ದಳು. ಏನು ಬೇಜಾರು ಎಂದು ಕೇಳಿದಾಗ ನಾನು ಎದೆ ಸೆಟೆಸಿ, “ಮೂವತ್ತೊಂದು ವರ್ಷದಾಗೆ ನಂಗೆ ಒಂದಿನ ಬೇಜಾರಾಗಿಲ್ಲ, ಬರ್ಕೊ” ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ, “ಹಂಗಾದ್ರೆ ಬರ್ಕೊಳಾಕೆ ಬರಲ್ಲ ಸಾರ್” ಎಂದು ಕಾಫಿ ಕುಡಿದು ಎದ್ದು ಹೋದಳು. ಅವತ್ತಿನಿಂದ ನನಗೆ ಅವಳ ಮೇಲೆ ಸಣ್ಣದೊಂದು ಮುನಿಸು ಉಳಿಯಿತು.

ಮುನಿಸಿಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಮುಚ್ಚಿಟ್ಟರೆ ಈ ಬರವಣಿಗೆಗೆ ಅರ್ಥವಿಲ್ಲ. ಅವಳು ಪಟ್ಟಿ ಮಾಡುವುದಕ್ಕೆ ಮುಂಚೆ ಆ ಕೆಲಸ ನನ್ನದಾಗಿತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಊರಿನ ತಂದೆತಾಯಿಯರು ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಜಗುಲಿಗೆ ಬರುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿತ್ತು. ನಾನು ಅಂಕಪಟ್ಟಿ ನೋಡುತ್ತಿದ್ದೆ. ಎಂಬತ್ತೈದರ ಮೇಲಿದ್ದರೆ ಸೈನ್ಸ್. ಅರವತ್ತರಿಂದ ಎಂಬತ್ತೈದು ಕಾಮರ್ಸ್. ಅದಕ್ಕಿಂತ ಕೆಳಗೆ ಆರ್ಟ್ಸೋ ಐಟಿಐಯೋ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ ನೆನಪಿಲ್ಲ. ಲೆಕ್ಕದ ಮೇಷ್ಟ್ರಿಗೆ ಅಷ್ಟು ಸಾಕು ಎಂಬ ಜಂಬ. ನಿವೃತ್ತನಾದ ಮೇಲೂ ಹಳಬರು ನನ್ನ ಹತ್ತಿರವೇ ಬರುತ್ತಿದ್ದರು.

ಹೋದ ವರ್ಷ ಬೋರಣ್ಣ ಹಾಗೆಯೇ ಬಂದ. ಬೋರಣ್ಣನದು ಸಣ್ಣ ಗೂಡ್ಸ್ ಗಾಡಿ. ತೋಟಗಳಿಂದ ತೆಂಗಿನಕಾಯಿ ತುಂಬಿಕೊಂಡು ಹಿರಿಯೂರಿಗೆ ಹೊಡೆಯುತ್ತಾನೆ. ಅವನ ಮಗಳು ಚೈತ್ರಾಳಿಗೆ ತೊಂಬತ್ತನಾಲ್ಕು ಪರ್ಸೆಂಟು. ಅಷ್ಟು ಅಂಕ ನೋಡಿ ನನಗೆ ನನ್ನ ಮೊಮ್ಮಗಳೇ ಗೆದ್ದಷ್ಟು ಖುಷಿಯಾಯಿತು. ಸೈನ್ಸ್ ಎಂದೆ. ಬೋರಣ್ಣ ಕೈಮುಗಿದು ಹೋಗಿ, ಚಿತ್ರದುರ್ಗದಲ್ಲಿ ಹಾಸ್ಟೆಲಿರುವ ಒಂದು ಕಾಲೇಜನ್ನೂ ನೋಡಿಕೊಂಡು ಬಂದ.

ಹದಿನೈದು ದಿನ ಕಳೆಯಿತು. ಒಂದು ಗುರುವಾರ ಬೋರಣ್ಣ ಮತ್ತೆ ಬಂದ, ಮುಖ ಗಂಟು ಹಾಕಿಕೊಂಡು.

“ಸುಚಿತ್ರಕ್ಕ ನನ್ ಮಗಳ ತಲೆ ಕೆಡ್ಸವ್ಳೆ ಮೇಷ್ಟ್ರೇ.”

“ಯಾಕೋ, ಏನಾಯ್ತು? ಕುಂತ್ಕ.”

“ಸೈನ್ಸ್ ಬ್ಯಾಡ ಅಂತಾಳೆ ಚೈತ್ರಾ. ದನದ ಡಾಕ್ಟ್ರ ಕೈಕೆಳಗೆ ಇರ್ತಾರಲ್ಲ, ಸೂಜಿ ಹಾಕೋರು, ಆ ಕೋರ್ಸಂತೆ. ಎಲ್ಡು ವರ್ಷ. ತಿಪಟೂರು ಕಡೆಗಂತೆ. ಹೆಣ್‌ಮಗು ದನದ ಹಿಂದೆ ಕೈ ಹಾಕ್ಕಂಡು ನಿಂತ್ರೆ ನಾನು ಊರಾಗೆ ಹೆಂಗೆ ಓಡಾಡ್ಲಿ ಹೇಳ್ರಿ? ಅರ್ಜಿ ಹಾಕಾಕೆ ಶನಿವಾರ ಸಂಜೆ ಐದು ಗಂಟೆಗೆ ಕೊನೆಯಂತೆ. ಅದ್ಯಾವ್ದೋ ಓಟಿಪಿ ನನ್ ಫೋನಿಗೇ ಬರ್ತೈತಂತೆ. ಅದನ್ನ ನಾನು ಹೇಳಿದ್ರೆ ಮಾತ್ರ ಅರ್ಜಿ.” ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, “ನೀವು ಹೂಂ ಅಂದ್ರೆ ನಾನೂ ಹೂಂ. ಬ್ಯಾಡ ಅಂದ್ರೆ ಬ್ಯಾಡ” ಎಂದ.

ತೊಂಬತ್ತನಾಲ್ಕು ಪರ್ಸೆಂಟು ತೆಗೆದುಕೊಂಡು ದನದ ಬಾಲ ಹಿಡಿಯುವುದೇ! ನಾನು ಇವತ್ತೇ ಹೋಗಿ ಅವಳಿಗೆ ಬುದ್ಧಿ ಹೇಳುತ್ತೇನೆ, ನೀನು ನಿಶ್ಚಿಂತೆಯಿಂದ ಇರು ಎಂದು ಬೋರಣ್ಣನನ್ನು ಕಳಿಸಿದೆ. ರಾತ್ರಿಯೆಲ್ಲ ಸುಚಿತ್ರಾಳಿಗೆ ಹೇಳಬೇಕಾದ ಮಾತುಗಳನ್ನು ಸಾಣೆ ಹಿಡಿದು ಇಟ್ಟುಕೊಂಡೆ.

ಶುಕ್ರವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋದಾಗ ಅವಳು ಪೇಪರಿಗೆ ಮೊಹರು ಒತ್ತುತ್ತಿದ್ದಳು. ನಾನು ಕೂರಲೂ ಇಲ್ಲ. ಓದುವ ಮಕ್ಕಳನ್ನು ಹಾಳು ಮಾಡಲು ಸರ್ಕಾರ ನಿನಗೆ ಕಂಪ್ಯೂಟರು ಕೊಟ್ಟಿದೆಯಾ ಎಂದೆ. ಡಾಕ್ಟರಾಗುವ ಹುಡುಗಿ ಅವಳು ಎಂದೆ. ನೀನು ಓದಿದ್ದು ಎಷ್ಟು, ನಿನಗೆ ಈ ಅಧಿಕಾರ ಕೊಟ್ಟವರು ಯಾರು ಎಂದೂ ಅಂದುಬಿಟ್ಟೆ. ಆ ಕೊನೆಯ ಮಾತು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅವಳು ಮೊಹರನ್ನು ಡಬ್ಬಿಯೊಳಗಿಟ್ಟಳು. “ನಾನು ಏನೂ ಹೇಳಿಲ್ಲ ಸಾರ್. ಪಟ್ಟಿ ಓದಿದ್ಳು. ಆಮೇಲೆ ಹೊರಕೆರೆದೇವಪುರಕ್ಕೆ ಮಹೇಕ್ ಹತ್ರ ಹೋಗಿ ಒಂದಿನ ಇದ್ದು ಬಂದ್ಳು. ಬಂದು, ಇದೇ ಅಂದ್ಳು. ನೀವೂ ಒಂದ್ಸಲ ಓದ್ರಿ. ಕುಂತ್ಕಳ್ರಿ.”

ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ ಇನ್ನೂರ ಆರನೇ ಸಾಲು ತೋರಿಸಿದಳು. ಮಹೇಕ್, ನಮ್ಮೂರಿನ ವೆಲ್ಡಿಂಗ್ ಅಂಗಡಿ ಜಮಾಲ್ ಸಾಬರ ಮಗಳು. ಕೆಲಸ: ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ಓದು: ಪಶುಸಂಗೋಪನೆ ಡಿಪ್ಲೊಮಾ. ಬೇಜಾರು: ‘ಕೈ ಎಷ್ಟು ತೊಳೆದರೂ ವಾಸನೆ ಹೋಗಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಎಮ್ಮೆ ಮೇವು ಮುಟ್ಟುತ್ತಿಲ್ಲ ಅಂತ ಫೋನು. ನಾನು ಹೋದ ಕೂಡಲೇ ಡಾಕ್ಟರು ಬರಲಿಲ್ಲವಾ ಅಂತಾರೆ.’

“ನೋಡು, ಅವಳೇ ಹೇಳವ್ಳೆ” ಎಂದೆ, ಗೆದ್ದವನಂತೆ.

ಅಷ್ಟರಲ್ಲಿ ಪಂಚಾಯಿತಿ ಆಫೀಸಿನಿಂದ ಸುಚಿತ್ರಾಳಿಗೆ ಕರೆ ಬಂತು. ಅವಳು ಎದ್ದು ಹೋದಳು. ನಾನು ಒಬ್ಬನೇ ಕೂತು ಪರದೆ ನೋಡುತ್ತಿದ್ದೆ. ಮೂವತ್ತೊಂದು ವರ್ಷ ಲೆಕ್ಕ ತಿದ್ದಿದ ಕಣ್ಣಿಗೆ ಒಂದು ತಪ್ಪು ಚುಚ್ಚಿತು. ಕಾಲಂಗಳ ತಲೆಯ ಮೇಲಿನ ಅಕ್ಷರ ಎ, ಬಿ, ಸಿ, ಡಿ, ಅದಾದ ಮೇಲೆ ನೇರವಾಗಿ ಎಫ್. ಇ ಎಲ್ಲಿ? ಹೆಡ್‌ಮಾಸ್ತರನಾಗಿದ್ದಾಗ ಅಂಕಗಳನ್ನು ನಾನೇ ಕಂಪ್ಯೂಟರಿಗೆ ಹಾಕುತ್ತಿದ್ದೆ. ಬೇಡದ ಕಾಲಂ ಮುಚ್ಚಿಡುವುದು ಹೇಗೆ, ಮುಚ್ಚಿದ್ದನ್ನು ತೆರೆಯುವುದು ಹೇಗೆ ಎರಡೂ ಗೊತ್ತು. ಇನ್ನೊಬ್ಬರು ಮುಚ್ಚಿದ್ದನ್ನು ತೆರೆಯಬಾರದು ಎಂಬುದೂ ಗೊತ್ತಿತ್ತು. ತೆರೆದೆ.

ಕಾಲಂನ ತಲೆಬರಹ: ‘ಈ ದಾರಿ ಹಿಡಿ ಎಂದವರು ಯಾರು?’

ಹೆಚ್ಚಿನ ಸಾಲುಗಳಲ್ಲಿ ಅಪ್ಪ, ಮಾವ, ಅಣ್ಣ, ಯಾರೂ ಇಲ್ಲ ಎಂದಿತ್ತು. ನಡುನಡುವೆ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು: ಮೇಷ್ಟ್ರು. ಆ ಪದವಿರುವ ಸಾಲುಗಳನ್ನಷ್ಟೇ ಬೇರೆ ಮಾಡಿದೆ. ಐವತ್ತೆಂಟು. ಊರಿನಲ್ಲಿ ಮೇಷ್ಟ್ರು ಎಂದರೆ ನಾನೊಬ್ಬನೇ.

ಮೊದಲು ಹೆಮ್ಮೆಯೇ ಆಯಿತು ಎಂದರೆ ನಗಬೇಡಿ. ಓದುತ್ತಾ ಹೋದೆ. ಹದಿನೇಳು ಜನ ನನಗೆ ಚೆನ್ನಾಗಿ ಗೊತ್ತಿದ್ದವರು: ಎಂಜಿನಿಯರು, ಡಾಕ್ಟರು, ಕಾಲೇಜಿನಲ್ಲಿ ಪಾಠ ಹೇಳುವವರು. ಊರಿಗೆ ಬಂದಾಗಲೆಲ್ಲ ಸಿಹಿ ಹಿಡಿದು ಮನೆಗೆ ಬಂದು ಕಾಲು ಮುಟ್ಟುವವರು. ಉಳಿದ ನಲವತ್ತೊಂದು ಜನ? ನಾಗಶ್ರೀ ಎಂಬ ಹುಡುಗಿ, ಎಂಬತ್ತೆಂಟು ಪರ್ಸೆಂಟಿನವಳು, ನಾನೇ ಸೈನ್ಸ್ ಎಂದಿದ್ದೆ. ಓದು: ‘ಮೊದಲನೇ ಪಿಯುಸಿ, ಬಿಟ್ಟೆ.’ ಈಗ ಹಿರಿಯೂರಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಾಳೆ. ಫಾಜಿಲ್, ಕೈಯಲ್ಲಿ ಹಿಡಿದದ್ದನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ ಹುಡುಗ. ‘ಮೇಷ್ಟ್ರು ಹೇಳಿದರು ಅಂತ ಕಾಮರ್ಸಿಗೆ ಹೋದೆ, ಎರಡು ವರ್ಷ ಹೋಯಿತು.’ ಮನೆಗಳಿಗೆ ಟೈಲ್ಸ್ ಹಾಕುತ್ತಾನೆ. ಪ್ರಸನ್ನಕುಮಾರ್, ಸೈನ್ಸ್, ಮೂರು ಸಲ ಕಟ್ಟಿ ಪಾಸಾಗದೆ ಊರು ಬಿಟ್ಟವನು. ಇವರು ಯಾರೂ ನಮ್ಮ ಜಗುಲಿಗೆ ಮತ್ತೆ ಬಂದಿರಲಿಲ್ಲ. ಬಂದವರನ್ನು ಮಾತ್ರ ನೋಡಿ ನಾನು ನನಗೆ ನೂರಕ್ಕೆ ನೂರು ಕೊಟ್ಟುಕೊಂಡಿದ್ದೆ. ಬಾರದವರನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇರಲಿಲ್ಲ. ಲೆಕ್ಕದ ಮೇಷ್ಟ್ರು ನಾನು!

ಎಲ್ಲರಿಗಿಂತ ಮೇಲೆ, ಒಂದನೇ ಸಾಲಿನಲ್ಲಿ: ಸುಚಿತ್ರಾ. ಕೆಲಸ: ಗ್ರಂಥಾಲಯ. ಓದು: ಪಿಯುಸಿ ಸೈನ್ಸ್, ಎರಡು ಸಲ ಫೇಲು. ದಾರಿ ಹಿಡಿ ಎಂದವರು: ಮೇಷ್ಟ್ರು. ಬೇಜಾರು: ಯಾರೂ ಬಾರದ ಮಧ್ಯಾಹ್ನ.

ಇಪ್ಪತ್ತಾರು ವರ್ಷದ ಹಿಂದಿನ ಆ ದಿನ ನನಗೆ ನೆನಪಿದೆ ಎಂದರೆ ಸುಳ್ಳಾಗುತ್ತದೆ. ಅವಳ ಅಪ್ಪ ಬಾಳೆಹಣ್ಣು ಹಿಡಿದು ನಿಂತದ್ದು ಮಸುಕಾಗಿ ಕಾಣುತ್ತದೆ. ಅವನ ಹಿಂದೆ ಒಂದು ಹುಡುಗಿ ಇದ್ದಿರಬೇಕು. ಅವಳ ಮುಖ ಮಾತ್ರ ಎಷ್ಟು ನೆನೆದರೂ ಬರಲಿಲ್ಲ. ನಾನು ನೋಡಿದ್ದು ಅಂಕಪಟ್ಟಿಯನ್ನು. ಫೇಲಾದ ವರ್ಷ ಅವಳು ಬಸ್‌ಸ್ಟಾಪಿನಲ್ಲಿ ನನ್ನನ್ನು ಕಂಡು ಅಂಗಡಿಯ ಮರೆಗೆ ಸರಿದದ್ದು ನೆನಪಿದೆ. ಹುಡುಗಿಗೆ ನಾಚಿಕೆ ಎಂದುಕೊಂಡಿದ್ದೆ.

ಸುಚಿತ್ರಾ ವಾಪಸು ಬಂದಾಗ ಪರದೆ ಹಾಗೆಯೇ ಇತ್ತು. ಮುಚ್ಚಲು ನನಗೆ ಕೈ ಬರಲಿಲ್ಲ.

“ಅದನ್ನ ಯಾಕೆ ತೆಗೆದ್ರಿ ಸಾರ್” ಎಂದಳು, ಮಗುವಿಗೆ ಹೇಳುವ ಹಾಗೆ.

“ಯಾಕೆ ಮುಚ್ಚಿಟ್ಟಿದ್ದೆ?”

“ಮಕ್ಕಳು ನೋಡಿ ನಿಮ್ಮನ್ನ ಆಡ್ಕಂಡು ನಗ್ಬಾರ್ದು ಅಂತ.”

“ಅಳಿಸಿಬಿಡಬಹುದಿತ್ತಲ್ಲ.”

“ಅವರು ಹೇಳಿದ್ದು ಸಾರ್ ಅದು. ನಾನು ಹೆಂಗೆ ಅಳಿಸ್ಲಿ?”

ಕನ್ನಡಕ ಒರೆಸಿಕೊಂಡು ಎದ್ದೆ. ಬಾಗಿಲ ಹತ್ತಿರ ಹೋದಾಗ, ಏನು ಮಾಡುತ್ತೀರಿ ಎಂದು ಕೇಳಿದಳು.

“ಬೋರಣ್ಣನಿಗೆ ಹೂಂ ಅಂತ ಹೇಳ್ತೀನಿ.”

ಅವಳು ತಲೆ ತಗ್ಗಿಸಿ ಮೇಜಿನ ಧೂಳು ಒರೆಸುತ್ತ, “ಅದೂ ಹತ್ತು ಸೆಕೆಂಡಿನ ಮಾತೇ ಆಯ್ತಲ್ಲ ಸಾರ್” ಎಂದಳು.

ಕೋಪ ನನ್ನ ಮೂಗಿನ ತುದಿಯಲ್ಲೇ ಇರುವುದು. ಅವತ್ತು ಮಾತ್ರ ಬರಲಿಲ್ಲ. ನೇರವಾಗಿ ಬೋರಣ್ಣನ ಮನೆಗೆ ಹೋಗಿ, “ನಾಳೆ ಬಾಡಿಗೆ ಇಟ್ಕಬ್ಯಾಡ. ಹೊರಕೆರೆದೇವಪುರಕ್ಕೆ ಹೋಗಾಣ, ಚೈತ್ರಾನೂ ಬರ್ಲಿ” ಎಂದೆ. ಹೂಂ ಅಂತೀರೋ ಬ್ಯಾಡ ಅಂತೀರೋ ಎಂದು ಅವನು ಎರಡು ಸಲ ಕೇಳಿದ. ನೋಡಿದ ಮೇಲೆ ಮಾತಾಡೋಣ ಎಂದೆ.

ಶನಿವಾರ ಬೆಳಿಗ್ಗೆ ಆರಕ್ಕೇ ಹೊರಟೆವು. ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು. ನಡುವೆ ಕೂತ ಚೈತ್ರಾ ತೊಡೆಯ ಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಳು. ಏನದು ಎಂದು ಕೇಳಿದೆ. ಅವರ ಬೀದಿಯ ಹದಿನಾಲ್ಕು ಹಸು, ಆರು ಎಮ್ಮೆಯ ಲೆಕ್ಕವಂತೆ: ಯಾವುದು ಯಾವಾಗ ಬೆದೆಗೆ ಬಂತು, ಯಾವಾಗ ಗಬ್ಬ ಕಟ್ಟಿತು, ಯಾವಾಗ ಈಯುತ್ತದೆ. ಏಳನೇ ಕ್ಲಾಸಿನಿಂದ ಬರೆಯುತ್ತಿದ್ದಾಳಂತೆ. ಬೀದಿಯ ಹೆಂಗಸರೆಲ್ಲ ಅವಳನ್ನೇ ಬಂದು ಕೇಳುತ್ತಾರಂತೆ. ನಾನು ಆ ಊರಿನಲ್ಲೇ ಇರುವವನು, ಅವಳ ತೊಂಬತ್ತನಾಲ್ಕು ಮಾತ್ರ ನನಗೆ ಗೊತ್ತಿತ್ತು. ಬೋರಣ್ಣ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, “ದಿನಾ ಅದೇ ಕೆಲ್ಸ ಅವಳಿಗೆ” ಎಂದು ಗೊಣಗಿದ.

ಹೊಸದುರ್ಗದಲ್ಲಿ ಇಡ್ಲಿ ತಿಂದು, ಹೊರಕೆರೆದೇವಪುರ ಮುಟ್ಟಿದಾಗ ಒಂಬತ್ತು ಗಂಟೆ. ಮಹೇಕ್ ಊರಾಚೆ ರಂಗಕ್ಕ ಎಂಬವರ ಹಿತ್ತಿಲಿನಲ್ಲಿದ್ದಳು. ಹಸು ಎರಡು ದಿನದಿಂದ ಮೇವು ಬಿಟ್ಟಿತ್ತು. ಬೋರಣ್ಣ ಒಳಗೆ ಕಾಲಿಟ್ಟವನೇ ಸುತ್ತ ನೋಡಿ, “ಡಾಕ್ಟ್ರು ಬರ್ಲಿಲ್ವಾ?” ಎಂದ.

ಮಹೇಕ್ ಜೋರಾಗಿ ನಕ್ಕಳು. “ಇದೇ ಅಣ್ಣ ನನ್ ಬೇಜಾರು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನಮಸ್ಕಾರ ಸಾರ್. ಎಪ್ಪತ್ತೊಂದು ಪರ್ಸೆಂಟು, ಕಾಮರ್ಸ್ ಅಂದಿದ್ರಿ. ನಾನು ಕೇಳ್ಲಿಲ್ಲ” ಎಂದಳು. ನನ್ನ ಮಾತು ಕೇಳದವಳೊಬ್ಬಳು ನನ್ನೆದುರು ಅಷ್ಟು ಖುಷಿಯಾಗಿ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಅವಳು ಚೈತ್ರಾಳನ್ನು ಕರೆದು ಹಸುವಿನ ಜ್ವರ ನೋಡಲು ಹೇಳಿದಳು. ಬೋರಣ್ಣನಿಗೆ ಮೂಗುದಾರ ಹಿಡಿಯುವ ಕೆಲಸ. ಚೈತ್ರಾ ಮೊದಲು ಹಸುವಿನ ಬೆನ್ನು ಸವರಿದಳು, ಏನೋ ಹೇಳಿದಳು, ಆಮೇಲೆ ಬಾಲ ಎತ್ತಿ ಥರ್ಮಾಮೀಟರ್ ಇಟ್ಟಳು. ಎಷ್ಟಿದೆ ಎಂದು ಹೇಳಿದಳು. ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು. ಹಸು ಒಂದೆರಡು ಸಲ ಒದ್ದಾಡಿತು. ಅವಳು ಹಿಂದೆ ಸರಿಯಲಿಲ್ಲ. ಮಹೇಕ್ ಸೂಜಿ ಹಾಕಿ, ಔಷಧಿ ಬರೆದು, ರಂಗಕ್ಕನಿಗೆ ಹೇಳಬೇಕಾದ್ದೆಲ್ಲ ಹೇಳುವವರೆಗೂ ಚೈತ್ರಾ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಬೋರಣ್ಣ ಹಗ್ಗ ಹಿಡಿದುಕೊಂಡೇ ಮಗಳನ್ನು ನೋಡುತ್ತಿದ್ದ.

ಕೊನೆಗೆ ಅವಳು ತೊಟ್ಟಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಮೂಸಿ ನೋಡಿದಳು. ಮತ್ತೆ ತೊಳೆದಳು.

“ಹೋಗ್ಲಿಲ್ವೇನೆ ವಾಸ್ನೆ?” ಎಂದ ಬೋರಣ್ಣ.

“ಇಲ್ಲಪ್ಪ.”

“ಬೇಜಾರಾಗಲ್ವಾ?”

ಚೈತ್ರಾ ಇನ್ನೊಂದು ಸಲ ಕೈ ಮೂಸಿದಳು. “ಆಗುತ್ತೆ. ತಡ್ಕಂತೀನಿ” ಎಂದಳು.

ವಾಪಸು ಹೊರಟೆವು. ಹೊಸದುರ್ಗ ದಾಟಿತು, ಹಿರಿಯೂರು ಬಂತು. ಮಧ್ಯಾಹ್ನದ ಬಿಸಿಲಿಗೆ ಗಾಡಿಯ ಒಳಗೆ ಕುಲುಮೆ. ಹೂಂ ಎಂದುಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು; ಮೂವತ್ತೊಂದು ವರ್ಷದ ಚಾಳಿ ಅಷ್ಟು ಸುಲಭಕ್ಕೆ ಹೋಗುತ್ತದೆಯೇ. ಹಲ್ಲು ಕಚ್ಚಿ ಕೂತೆ. ಗ್ರಂಥಾಲಯದ ಮುಂದೆ ಇಳಿದಾಗ ನಾಲ್ಕು ಗಂಟೆ ಹತ್ತು ನಿಮಿಷ.

ಸುಚಿತ್ರಾ ಅರ್ಜಿಯನ್ನು ಅರ್ಧ ತುಂಬಿಸಿಟ್ಟಿದ್ದಳು. ಚೈತ್ರಾ ಪಕ್ಕದಲ್ಲಿ ಕೂತು ಉಳಿದದ್ದನ್ನು ಹೇಳಿದಳು. ಬೋರಣ್ಣನ ಜೇಬಿನಲ್ಲಿ ಫೋನು ಕುಯ್ಯೆಂದಿತು. ಅವನು ತೆಗೆದು ನೋಡಿದ. ಎಲ್ಲರೂ ಅವನ ಮುಖ ನೋಡಿದೆವು. ಅವನು ಮಾತ್ರ ನನ್ನ ಮುಖ ನೋಡಿದ.

“ಮೇಷ್ಟ್ರೇ?”

ಅದೊಂದು ಗಳಿಗೆ ನನಗೆ ಬಹಳ ಕಷ್ಟದ್ದು. ಹೂಂ ಎಂದರೆ ಮುಗಿಯುತ್ತಿತ್ತು. ನಾಳೆ ಅವಳಿಗೆ ಕಷ್ಟ ಬಂದರೆ ಅದೂ ನನ್ನ ಐವತ್ತೊಂಬತ್ತನೇ ಸಾಲಾಗುತ್ತಿತ್ತು.

“ನನ್ನ ನೋಡ್ಬ್ಯಾಡ ಕಣೋ ಬೋರಣ್ಣ” ಎಂದೆ. “ಓದೋಳು ಅಲ್ಲಿ ಕುಂತವ್ಳೆ. ಅವಳನ್ನ ಕೇಳು.”

ಬೋರಣ್ಣ ಫೋನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತ. ಸುಚಿತ್ರಾ, ಓಟಿಪಿಯ ಹೊತ್ತು ಮುಗಿಯಿತು, ಇನ್ನೊಂದು ಕಳಿಸುತ್ತೇನೆ ಎಂದಳು. ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೈದು. ಅವನು ಮಗಳ ಕುರ್ಚಿಯ ಹತ್ತಿರ ಹೋಗಿ ಬಗ್ಗಿದ.

“ಸೈನ್ಸ್ ಬಿಟ್ಟೆ ಅಂತ ಆಮೇಲೆ ನನ್ ಬೈಕಬಾರ್ದು ನೋಡವ್ವ.”

“ಬೈಕಳಲ್ಲಪ್ಪ.”

“ನಿಂಗೆ ಇದೇ ಬೇಕಾ?”

“ಹೂಂ” ಎಂದಳು ಚೈತ್ರಾ.

ಮತ್ತೆ ಫೋನು ಕುಯ್ಯೆಂದಿತು. ಬೋರಣ್ಣ ಅದನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು, ಕಾಯಿ ಎಣಿಸುವಾಗ ಕೂಗುವ ಹಾಗೆ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳಿದ. ಆರು ಅಂಕಿ. ಸುಚಿತ್ರಾ ಒತ್ತಿದಳು. ಅರ್ಜಿ ಹೋಯಿತು.

ಅಪ್ಪ ಮಗಳು ಅಚ್ಚು ಹಾಕಿದ ಹಾಳೆ ಹಿಡಿದು ಹೋದ ಮೇಲೆ ನಾನು ಅಲ್ಲೇ ಕೂತಿದ್ದೆ. ಸುಚಿತ್ರಾ ಕಿಟಕಿ ಮುಚ್ಚುತ್ತಿದ್ದಳು. ಕ್ಷಮಿಸು ಎನ್ನಬೇಕೆಂದಿದ್ದೆ, ನಮ್ಮ ಕಾಲದ ಮೇಷ್ಟ್ರುಗಳ ಬಾಯಲ್ಲಿ ಆ ಮಾತು ಹೊರಡುವುದಿಲ್ಲ. ಅದರ ಬದಲು ಇಪ್ಪತ್ತಾರು ವರ್ಷದ ಹಿಂದೆ ಕೇಳಬೇಕಾಗಿದ್ದನ್ನು ಕೇಳಿದೆ.

“ನಿಂಗೆ ಏನ್ ಆಗ್ಬೇಕು ಅಂತಿತ್ತು, ಸುಚಿತ್ರಾ?”

ಅವಳು ಕಿಟಕಿಯ ಅಗಳಿ ಹಿಡಿದುಕೊಂಡೇ ನಿಂತಳು. “ಈಗ ಯಾಕೆ ಬಿಡ್ರಿ ಸಾರ್” ಎಂದಳು. ನಾನು ಬಿಡಲಿಲ್ಲ. ಅವಳು ಗದ್ದ ಎತ್ತಿ ಗೋಡೆಯ ಕಡೆ ತೋರಿಸಿದಳು.

ನಕ್ಷೆ. ಎದ್ದು ಹತ್ತಿರ ಹೋದೆ. ಇಲಾಖೆಯದಲ್ಲ, ಅಚ್ಚಿನದೂ ಅಲ್ಲ. ಹತ್ತಾರು ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿ ಕೈಯಲ್ಲಿ ಬಿಡಿಸಿದ್ದು. ವೇದಾವತಿಯಿಂದ ಹಿಡಿದು ನಮ್ಮೂರ ಹಿಂದಿನ ಹಳ್ಳದವರೆಗೆ ಒಂದು ಗೆರೆಯೂ ನಡುಗಿಲ್ಲ. ಅಕ್ಷರಗಳು ಅಚ್ಚು ಹಾಕಿದ ಹಾಗೆ. ಹೈಸ್ಕೂಲಿನಲ್ಲಿ ಲೆಕ್ಕದ ಪುಸ್ತಕದ ಹಿಂದೆ ನಕ್ಷೆ ಬಿಡಿಸುತ್ತಾಳೆ ಎಂದು ಒಬ್ಬ ಹುಡುಗಿಯನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವಳು ಇವಳೇ. ಮುಖ ಈಗ ನೆನಪಿಗೆ ಬಂತು.

ಒಂದೊಂದು ಮನೆಗೂ ಒಂದು ಪುಟ್ಟ ಚೌಕ. ಪಟ್ಟಿಯಲ್ಲಿರುವವರ ಮನೆಯ ಚೌಕದ ಪಕ್ಕ ಪೆನ್ಸಿಲಿನಲ್ಲಿ ಅವರ ಸಾಲಿನ ನಂಬರು. ಜಮಾಲ್ ಸಾಬರ ಮನೆಗೆ ಇನ್ನೂರ ಆರು. ನಮ್ಮ ಬೀದಿಯನ್ನು ಹುಡುಕಿದೆ. ಬೇವಿನಮರ, ಅದರ ಪಕ್ಕ ಒಂದು ಚೌಕ, ‘ಮೇಷ್ಟ್ರ ಮನೆ’ ಎಂದು ಬರೆದಿತ್ತು. ನಂಬರು ಇರಲಿಲ್ಲ.

“ಇದಕ್ಕೂ ಒಂದು ನಂಬರ್ ಹಾಕು” ಎಂದೆ.

ಅವಳು ಡ್ರಾಯರಿನಿಂದ ಪೆನ್ಸಿಲ್ ತೆಗೆದು, ತುದಿ ನೋಡಿ, ನನ್ನ ಮನೆಯ ಪಕ್ಕ ನಾನೂರ ಹದಿಮೂರು ಎಂದು ಬರೆದಳು. ಆಮೇಲೆ ಮುಚ್ಚಿದ್ದ ಕಂಪ್ಯೂಟರನ್ನು ಮತ್ತೆ ಹಚ್ಚಿ, ನನಗೊಂದು ಕುರ್ಚಿ ಎಳೆದು ಹಾಕಿದಳು.

“ಹೇಳ್ರಿ ಸಾರ್” ಎಂದಳು. “ನಿಮ್ ಕೆಲ್ಸದಾಗೆ ಏನ್ ಬೇಜಾರು?”